ಓದುಗರ ಪ್ರಶ್ನೆ: ಮೀಟರ್ ಲೀನ್ ಹೇಳ್ತದೆ, ಪ್ಲಗ್ ಕಪ್ಪಾಗಿದೆ, ಯಾವುದನ್ನ ನಂಬೋದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ವೈಡ್‌ಬ್ಯಾಂಡ್ ಸೆನ್ಸರ್ ಬಗ್ಗೆಯೇ ಉಂಟು, ಹಾಗಾಗಿ ಬ್ರೇಕು, ಬ್ಯಾಟರಿ ಪ್ರಶ್ನೆಗಳನ್ನ ಮುಂದಿನ ಸಲಕ್ಕೆ ಇಟ್ಟು ಇದೊಂದನ್ನೇ ತಗೊಂಡಿದ್ದೇನೆ. ಹೊಸಬರಿಗೆ ಒಂದು ಮಾತು: ಇದು ಇಂಜಿನಿಂದ ಸೈಲೆನ್ಸರಿಗೆ ಹೋಗೋ ಬೆಂಡ್ ಪೈಪಿಗೆ ಹಾಕೋ ಸೆನ್ಸರ್, ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಎಷ್ಟು ಪಾಲು ಗಾಳಿ ಅಂತ ಅದರ ಮೀಟರ್ ತೋರಿಸ್ತದೆ. ನಂಬರ್ 14.7ಕ್ಕಿಂತ ಮೇಲಿದ್ರೆ ಪೆಟ್ರೋಲ್ ಕಮ್ಮಿ, ಅದು ಲೀನ್, ಕೆಳಗಿದ್ರೆ ಪೆಟ್ರೋಲ್ ಜಾಸ್ತಿ, ಅದು ರಿಚ್. ಬದಿಯಡ್ಕದವರ ಪ್ರಶ್ನೆಗೆ ಉತ್ತರ ಉದ್ದ ಆಯ್ತು, ಆದ್ರೆ ಉಳಿದವರೂ ಅದನ್ನ ಓದಿಯೇ ಮುಂದೆ ಹೋಗಿ, ನಿಮ್ಮ ಅರ್ಧ ಉತ್ತರ ಅದರಲ್ಲೇ ಸಿಗ್ತದೆ.

ಪ್ರಶ್ನೆ: ಅಣ್ಣಾ, ನನ್ನದು ಅಪ್ಪ ಓಡಿಸ್ತಿದ್ದ ಬುಲೆಟ್ 350, ಹಳೇ ಕಾಸ್ಟ್ ಐರನ್ ಇಂಜಿನ್, ಸ್ಲೈಡ್ ಕಾರ್ಬೋರೇಟರ್. ವೈಡ್‌ಬ್ಯಾಂಡ್ ಕಿಟ್ ತರಿಸಿ ಬೆಂಡ್ ಪೈಪಿಗೆ ನಟ್ ವೆಲ್ಡ್ ಮಾಡ್ಸಿ ಹಾಕಿದ್ದೇನೆ. ಐಡ್ಲಿಂಗಲ್ಲಿ 16.5, 17 ಅಂತ ತೋರಿಸ್ತದೆ. ಲೀನ್ ಉಂಟು ಅಂತ ಮೇನ್ ಜೆಟ್ (ಪೆಟ್ರೋಲ್ ಹೋಗೋ ತೂತಿನ ಸಣ್ಣ ತುಂಡು) ಎರಡು ನಂಬರ್ ದೊಡ್ಡದು ಹಾಕಿದೆ, ಮೀಟರ್ ಇಳಿಯೋದೇ ಇಲ್ಲ, ಆದ್ರೆ ಪ್ಲಗ್ ಕಪ್ಪಾಗ್ತಾ ಉಂಟು, ಮೈಲೇಜೂ ಹೋಯ್ತು. ಮೀಟರ್ ಹಾಳಾ? – ಬದಿಯಡ್ಕ

ಉತ್ತರ: ಮೀಟರ್ ಹಾಳಾಗಿರ್ಲಿಕ್ಕಿಲ್ಲ. ಮೊದ್ಲು ಹಳೇ ಮೇನ್ ಜೆಟ್ಟನ್ನ ವಾಪಸ್ ಹಾಕಿ, ಎಂತಕ್ಕಂದ್ರೆ ಐಡ್ಲಿಂಗಿಗೂ ಮೇನ್ ಜೆಟ್ಟಿಗೂ ಸಂಬಂಧ ಇಲ್ಲ. ಎಕ್ಸಲರೇಟರ್ ಮುಚ್ಚಿದಲ್ಲಿಂದ ಕಾಲು ಭಾಗದವರೆಗೆ ಸ್ಲೋ ಜೆಟ್ಟು ಮತ್ತೆ ಏರ್ ಸ್ಕ್ರೂ, ಕಾಲಿಂದ ಮುಕ್ಕಾಲಿನವರೆಗೆ ನೀಡಲ್, ಅದರ ಮೇಲೆ ಮಾತ್ರ ಮೇನ್ ಜೆಟ್ಟಿನ ಆಟ. ನೀವು ಪೂರ್ತಿ ತಿರುಗಿಸಿದಾಗ ಹೋಗೋ ಪೆಟ್ರೋಲನ್ನ ಜಾಸ್ತಿ ಮಾಡಿದ್ದೀರಿ, ನೋಡ್ತಾ ಇರೋದು ಐಡ್ಲಿಂಗಿನ ನಂಬರನ್ನ.

ಇನ್ನು ಆ 17 ಎಲ್ಲಿಂದ ಬಂತು ಅಂತ. ಸೆನ್ಸರ್ ಪೆಟ್ರೋಲನ್ನ ಅಳೆಯೋದಿಲ್ಲ ಮಾರಾಯ್ರೆ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನ ಅಳೀತದೆ, ಅದರಿಂದ ಲೆಕ್ಕ ಹಾಕಿ ಗಾಳಿ ಪೆಟ್ರೋಲ್ ಇಷ್ಟಕ್ಕಿಷ್ಟು ಇದ್ದಿರ್ಬೇಕು ಅಂತ ಹೇಳ್ತದೆ. ಹಳೇ ನಮೂನೆಯ ನ್ಯಾರೋಬ್ಯಾಂಡ್ ಸೆನ್ಸರ್ 0.1 ವೋಲ್ಟಿಂದ 0.9 ವೋಲ್ಟಿನ ಮಧ್ಯೆ ಅತ್ತಿತ್ತ ಹಾರ್ತದೆ, 0.45 ದಾಟಿದ್ರೆ ರಿಚ್ಚು, ಕೆಳಗಿದ್ರೆ ಲೀನು, ಎಷ್ಟು ರಿಚ್ಚು ಎಷ್ಟು ಲೀನು ಅಂತ ಅದಕ್ಕೆ ಹೇಳ್ಲಿಕ್ಕೆ ಆಗೋದಿಲ್ಲ. ವೈಡ್‌ಬ್ಯಾಂಡಿನ ಒಳಗೆ ಅದರ ಜೊತೆ ಒಂದು ಪಂಪ್ ಉಂಟು. ನಮ್ಮ ಕಡೆ ನೀರಿಗೆ ಅಂತ ಗುಡ್ಡಕ್ಕೆ ಅಡ್ಡ ಕೊರೀತಾರಲ್ಲ, ಆ ಸುರಂಗದ ನೀರು ಬಂದು ಬೀಳೋ ಟ್ಯಾಂಕ್ ನೆನಪು ಮಾಡ್ಕೊಳ್ಳಿ, ಟ್ಯಾಂಕಿನ ನೀರು ಒಂದೇ ಗುರುತಲ್ಲಿ ನಿಲ್ಬೇಕು ಅಂತ ಪಂಪಲ್ಲಿ ಎತ್ತುತ್ತಾ ಇದ್ರೆ, ಪಂಪ್ ಎಷ್ಟು ಜೋರು ಓಡ್ತಾ ಉಂಟು ಅಂತ ನೋಡಿಯೇ ಸುರಂಗದಿಂದ ಎಷ್ಟು ನೀರು ಬರ್ತಾ ಉಂಟು ಅಂತ ಹೇಳ್ಬಹುದು. ಸೆನ್ಸರಿನೊಳಗಿನ ಒಂದು ಸಣ್ಣ ಸಂದಿಯಲ್ಲಿ ಆಮ್ಲಜನಕದ ಮಟ್ಟ ಹಾಗೆಯೇ 0.45 ವೋಲ್ಟಿನ ಗುರುತಲ್ಲಿ ನಿಲ್ಲುವಷ್ಟು ಅದನ್ನ ಹೊರಗೆ ದಬ್ಬುತ್ತಾರೆ, ಹೊಗೆ ರಿಚ್ ಇದ್ರೆ ಒಳಗೆ ದಬ್ಬುತ್ತಾರೆ, ಆ ಕೆಲಸಕ್ಕೆ ಹಿಡಿದ ಕರೆಂಟೇ ನಿಮ್ಮ ಮೀಟರಿನ ನಂಬರ್.

ಹಾಗಾದ್ರೆ ಇಂಜಿನಿಗೆ ಸಂಬಂಧವೇ ಇಲ್ಲದ ಗಾಳಿ ಹೊಗೆಗೆ ಸೇರಿದ್ರೂ ಸೆನ್ಸರ್ ಲೀನ್ ಅಂತಲೇ ಹೇಳ್ತದೆ, ಅದಕ್ಕೆ ಬೇರೆ ಗೊತ್ತಾಗೋದಿಲ್ಲ. ನಿಮ್ಮದು ಒಂದೇ ಸಿಲಿಂಡರ್, ಹೊಗೆ ಒಂದೊಂದೇ ಹೊಡೆತದಲ್ಲಿ ಹೋಗ್ತದೆ, ಎರಡು ಹೊಡೆತದ ಮಧ್ಯೆ ಪೈಪಿನ ಒಳಗೆ ಪ್ರೆಶರ್ ಹೊರಗಿನ ಗಾಳಿಗಿಂತ ಕಮ್ಮಿಯಾಗಿ ಎಲ್ಲಿ ಸಂದಿ ಸಿಗ್ತದೋ ಅಲ್ಲಿಂದ ಗಾಳಿ ಒಳಗೆ ಎಳ್ಕೊಳ್ತದೆ. ಲೀಕಿದ್ರೆ ಹೊಗೆ ಹೊರಗೆ ಬರ್ತದೆ ಅಂತ ಮಾತ್ರ ನಾವು ಯೋಚನೆ ಮಾಡೋದು, ಗಾಳಿ ಒಳಗೆ ಹೋಗೋದು ಕಣ್ಣಿಗೆ ಕಾಣೋದಿಲ್ಲ.

ನಾನು ವೈಡ್‌ಬ್ಯಾಂಡ್ ಹಾಕ್ಲಿಕ್ಕೆ ಶುರು ಮಾಡಿದ ಹೊಸತರಲ್ಲಿ ಇದೇ ತರದ ಒಂದು ಗಾಡಿಗೆ ಎರಡು ದಿನ ಕೂತು ಸ್ಲೋ ಜೆಟ್ ಮೂರು ಸೈಜ್ ಬದಲಾಯಿಸಿದ್ದೇನೆ. ಮೀಟರ್ 16.8 ಬಿಟ್ಟು ಅಲ್ಲಾಡ್ಲಿಲ್ಲ. ಎರಡನೇ ದಿನ ಸಂಜೆ ಟಾರ್ಚ್ ಹಿಡಿದು ಬಗ್ಗಿ ನೋಡುವಾಗ ಹೆಡ್ಡಿಗೆ ಬೆಂಡ್ ಪೈಪ್ ಸೇರುವಲ್ಲಿ, ಕೆಳಗಿನ ಬದಿಯಲ್ಲಿ, ಪೆನ್ಸಿಲಲ್ಲಿ ಗೀಟು ಹಾಕಿದ ಹಾಗೆ ಒಂದು ಕಪ್ಪು ಮಸಿ. ಬಿಚ್ಚಿದ್ರೆ ರಿಂಗ್ ಗ್ಯಾಸ್ಕೆಟ್ ಒಂದು ಬದಿ ಮಾತ್ರ ಚಪ್ಪಟೆ ಆಗಿತ್ತು, ಇನ್ನೊಂದು ಬದಿಗೆ ಪೈಪ್ ಮುಟ್ಟಿಯೇ ಇರ್ಲಿಲ್ಲ. ಹೊಸ ಗ್ಯಾಸ್ಕೆಟ್ ಹಾಕಿ ಸ್ಟಾರ್ಟ್ ಮಾಡಿದ್ರೆ ಮೀಟರ್ ಸೀದ 12ರ ಕೆಳಗೆ, ನಾನು ತುಂಬಿಸಿದ ಪೆಟ್ರೋಲೆಲ್ಲ ಆಗ ಕಾಣ್ಲಿಕ್ಕೆ ಶುರುವಾಯ್ತು. ಆ ಎರಡು ದಿನ ಪ್ಲಗ್ ಕಪ್ಪಾಗಿ ಸರಿಯಾದ ಉತ್ತರ ಕೊಡ್ತಾನೇ ಇತ್ತು, ನಾನು ನೋಡ್ಲಿಲ್ಲ. ನಿಮ್ಮ ಪ್ಲಗ್ಗೂ ಈಗ ಅದನ್ನೇ ಹೇಳ್ತಾ ಉಂಟು, ಪೆಟ್ರೋಲ್ ಜಾಸ್ತಿ ಅಂತ.

ನೀವು ಮಾಡ್ಬೇಕಾದ್ದು ಇಷ್ಟು. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಸೈಲೆನ್ಸರಿನ ಬಾಯಿಗೆ ದಪ್ಪ ಒದ್ದೆ ಬಟ್ಟೆ ಒಂದು ಗಳಿಗೆ ಒತ್ತಿ ಹಿಡೀರಿ, ಎಲ್ಲಿ ಪುಸ್ ಪುಸ್ ಅಂತದೋ ಅಲ್ಲೇ ಲೀಕು, ಜಾಯಿಂಟಿಗೆ ಸೋಪು ನೀರು ಬಿಟ್ರೆ ಗುಳ್ಳೆ ಸಹ ಬರ್ತದೆ. ಸೆನ್ಸರ್ ಹಾಕಿದ ನಟ್ಟಿನ ವೆಲ್ಡಿಂಗನ್ನೂ ನೋಡಿ, ಸುತ್ತ ಪೂರ್ತಿ ವೆಲ್ಡ್ ಆಗದೆ ನಾಲ್ಕು ಕಡೆ ಟಾಕಾ ಮಾತ್ರ ಹಾಕಿದ್ದನ್ನ ನಾನು ಬೇಕಾದಷ್ಟು ನೋಡಿದ್ದೇನೆ. ಸೆನ್ಸರ್ ಸೈಲೆನ್ಸರಿನ ಬಾಯಿ ಹತ್ರ ಇರ್ಬಾರ್ದು, ಐಡ್ಲಿಂಗಲ್ಲಿ ಹೊರಗಿನ ಗಾಳಿ ಹಿಂದಕ್ಕೆ ನುಗ್ತದೆ, ಬೆಂಡ್ ಪೈಪಲ್ಲೇ, ಬೆಂಡ್ ಮುಗಿದ ಮೇಲೆ ಇರ್ಲಿ. ಮತ್ತೊಂದು, ಗಾಡಿ ಮಿಸ್ಸಿಂಗ್ ಹೊಡೀತಾ ಇದ್ರೆ ಆಗ್ಲೂ ಮೀಟರ್ ಲೀನ್ ತೋರಿಸ್ತದೆ. ಉರೀದೆ ಹೋದ ಹೊಡೆತದಲ್ಲಿ ಪೆಟ್ರೋಲೂ ಹೊರಗೆ ಹೋಗ್ತದೆ, ಆಮ್ಲಜನಕವೂ ಹೊರಗೆ ಹೋಗ್ತದೆ. ರಿಚ್ಚಾಗಿ ಪ್ಲಗ್ ಮಸಿ ಹಿಡಿದು ಮಿಸ್ ಆಗೋ ಗಾಡಿಗೆ ಮೀಟರ್ ನೋಡಿ ಮತ್ತೆ ಪೆಟ್ರೋಲ್ ಜಾಸ್ತಿ ಮಾಡೋದು, ಅದರಿಂದ ಮತ್ತೂ ಮಿಸ್ ಆಗೋದು, ಹೀಗೆ ಒಂದು ಸುತ್ತಲ್ಲಿ ಸಿಕ್ಕಿಬಿಡ್ತಾರೆ. ಹೊಸ ಪ್ಲಗ್ ಹಾಕಿ, ಪಾಯಿಂಟ್ ಗ್ಯಾಪ್ (ಸ್ಪಾರ್ಕ್ ಹುಟ್ಟಿಸೋ ಕಾಂಟ್ಯಾಕ್ಟ್ ಪಾಯಿಂಟಿನ ಸಂದಿ) ಸರಿ ಮಾಡಿ, ಆಮೇಲೆ ಮೀಟರ್ ನೋಡಿ.

ಇದೆಲ್ಲ ಸರಿ ಆದ ಮೇಲೆ ಹ್ಯಾಂಡಲ್ ಗ್ರಿಪ್ಪಿಗೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಗುರುತು ಮಾಡಿ. ಸಣ್ಣ ಏರಿನಲ್ಲಿ ಟಾಪ್ ಗೇರಲ್ಲಿ ಒಂದೊಂದು ಗುರುತಲ್ಲೂ ನಾಲ್ಕೈದು ಸೆಕೆಂಡ್ ಎಕ್ಸಲರೇಟರ್ ಕದಲಿಸದೆ ಹಿಡಿದು ನಂಬರ್ ನೋಡಿ, ಹಿಂದೆ ಕೂತವರು ಬರ್ಕೊಳ್ಲಿ, ಓಡಿಸುವವರು ಮೀಟರ್ ನೋಡ್ತಾ ಹೋಗೋದು ಬೇಡವೇ ಬೇಡ. ಗಾಳಿಯಲ್ಲೇ ತಣ್ಣಗಾಗೋ ಈ ಇಂಜಿನಿಗೆ ನಾನು ಇಡೋದು ಐಡ್ಲಿಂಗಲ್ಲಿ 13ರಿಂದ 13.8, ನಿಧಾನ ಓಡಿಸುವಾಗ 14ರ ಆಸುಪಾಸು, ಪೂರ್ತಿ ತಿರುಗಿಸಿದಾಗ 12.5ರಿಂದ 13. ಅರ್ಧ ಗುರುತಲ್ಲಿ ಲೀನ್ ಇದ್ರೆ ನೀಡಲಿನ ಕ್ಲಿಪ್ಪನ್ನ ಒಂದು ಕಚ್ಚು ಕೆಳಗೆ ಹಾಕಿ, ನೀಡಲ್ ಮೇಲೆ ಎದ್ದು ಪೆಟ್ರೋಲ್ ಜಾಸ್ತಿ ಆಗ್ತದೆ. ಸ್ಕ್ರೂ ಕಾರ್ಬೋರೇಟರಿನ ಫಿಲ್ಟರ್ ಬದಿಯಲ್ಲಿದ್ರೆ ಅದು ಗಾಳಿಯ ಸ್ಕ್ರೂ, ಒಳಗೆ ತಿರುಗಿಸಿದ್ರೆ ರಿಚ್ಚು, ಇಂಜಿನ್ ಬದಿಯಲ್ಲಿದ್ರೆ ಪೆಟ್ರೋಲಿನದ್ದು, ಹೊರಗೆ ತಿರುಗಿಸಿದ್ರೆ ರಿಚ್ಚು. ಇದನ್ನ ತಿರುಗಾ ಮುರುಗಾ ಮಾಡ್ಕೊಂಡು ಇಡೀ ಭಾನುವಾರ ಕಳೆದವರು ಉಂಟು.

ಪ್ರಶ್ನೆ: ನಾವು ತಲಪಾಡಿ ದಾಟಿ ಪೆಟ್ರೋಲ್ ಹಾಕಿಸ್ಕೊಂಡು ಬರೋದು. ಈಗ ಎಲ್ಲ ಕಡೆ ಇ20 ಅಲ್ವಾ, ಹಾಗಾದ್ರೆ ಮೀಟರಲ್ಲಿ 14.7 ಬದ್ಲು 13.5 ತೋರಿಸಿದ್ರೆ ಸರಿ ಅಂತ ಲೆಕ್ಕವಾ? – ಮಂಜೇಶ್ವರ

ಉತ್ತರ: ಒಳ್ಳೇ ಪ್ರಶ್ನೆ, ಇದನ್ನ ತಪ್ಪು ತಿಳ್ಕೊಂಡು ಇಂಜಿನ್ ಹಾಳು ಮಾಡ್ಕೊಳ್ಳೋದು ಸುಲಭ. ಬರೀ ಪೆಟ್ರೋಲ್ ಪೂರ್ತಿ ಉರೀಲಿಕ್ಕೆ 14.7 ಪಟ್ಟು ತೂಕದ ಗಾಳಿ ಬೇಕು, ಎಥನಾಲಿಗೆ 9 ಪಟ್ಟು ಸಾಕು, ಇಪ್ಪತ್ತು ಪರ್ಸೆಂಟ್ ಎಥನಾಲ್ ಸೇರಿದ್ರೆ 13.5ರ ಹತ್ರ ಬರ್ತದೆ. ನಿಮ್ಮ ಲೆಕ್ಕ ಅಲ್ಲಿಗೆ ಸರಿ. ಆದ್ರೆ ಸೆನ್ಸರಿಗೆ ಟ್ಯಾಂಕಲ್ಲಿ ಎಂತ ಉಂಟು ಅಂತ ಗೊತ್ತಿಲ್ಲ. ಆಮ್ಲಜನಕ ಹೆಚ್ಚೂ ಉಳೀಲಿಲ್ಲ, ಪೆಟ್ರೋಲೂ ಉಳೀಲಿಲ್ಲ ಅಂದ್ರೆ ಅದು ಲ್ಯಾಂಬ್ಡಾ 1 (ಉರೀಲಿಕ್ಕೆ ಬೇಕಾದಷ್ಟೇ ಗಾಳಿ) ಅಂತ ಓದ್ತದೆ, ಮೀಟರಿನವರು ಆ 1ನ್ನ 14.7ರಿಂದ ಗುಣಿಸಿ ತೋರಿಸ್ತಾರೆ. ಇ20 ಹಾಕಿದ್ರೂ ಸರಿಯಾಗಿ ಉರಿದ್ರೆ ಅದೇ ಮೀಟರ್ 14.7 ಅಂತಲೇ ತೋರಿಸ್ತದೆ. ಅದರಲ್ಲಿ 13.5 ಕಂಡ್ರೆ ನಿಜವಾಗಿ ಲ್ಯಾಂಬ್ಡಾ 0.92, ಎಂಟು ಪರ್ಸೆಂಟ್ ರಿಚ್ಚು.

ಹಾಗಾಗಿ ಸೆಟ್ಟಿಂಗಿಗೆ ಹೋಗಿ ಮೀಟರನ್ನ ಲ್ಯಾಂಬ್ಡಾಕ್ಕೆ ಬದಲಾಯಿಸಿ ಬಿಡಿ. ಪೂರ್ತಿ ಎಕ್ಸಲರೇಟರಿಗೆ 0.85ರಿಂದ 0.88, ಹೈವೇಯಲ್ಲಿ ಆರಾಮ ಹೋಗುವಾಗ 0.95ರಿಂದ 1, ಪೆಟ್ರೋಲ್ ಯಾವುದಾದ್ರೂ ಈ ನಂಬರ್ ಬದಲಾಗೋದಿಲ್ಲ. ನಿಮ್ಮದು ಹಳೇ ಕಾರ್ಬೋರೇಟರ್ ಗಾಡಿ ಆದ್ರೆ ಬರೀ ಪೆಟ್ರೋಲಿಗೆ ಮಾಡಿದ ಜೆಟ್ಟಲ್ಲಿ ಇ20 ಹಾಕಿದಾಗ ಏಳೆಂಟು ಪರ್ಸೆಂಟ್ ಲೀನ್ ಓಡ್ತದೆ, ಕಾರ್ಬೋರೇಟರಿಗೆ ತಾನಾಗಿ ಸರಿ ಮಾಡ್ಕೊಳ್ಳೋ ಬುದ್ಧಿ ಇಲ್ಲ. ಏಳು ಪರ್ಸೆಂಟ್ ಜಾಸ್ತಿ ಪೆಟ್ರೋಲಿಗೆ ಜೆಟ್ಟಿನ ತೂತಿನ ಅಗಲ ಮೂರೂವರೆ ಪರ್ಸೆಂಟ್ ದೊಡ್ಡದಾದ್ರೆ ಸಾಕು, ಅಂದ್ರೆ ಜೆಟ್ಟಿನ ನಂಬರ್ ತೂತಿನ ಅಳತೆಯೇ ಆಗಿದ್ರೆ 110 ಇದ್ದಲ್ಲಿ 114ರ ಹತ್ರದ್ದು. ಮೈಲೇಜ್ ಸ್ವಲ್ಪ ಇಳೀತದೆ, ಎಥನಾಲಲ್ಲಿ ಶಕ್ತಿ ಕಮ್ಮಿ, ಅದಕ್ಕೆ ಜೆಟ್ಟಲ್ಲಿ ಮದ್ದಿಲ್ಲ.

ಪ್ರಶ್ನೆ: ಆಫ್‌ರೋಡ್ ಸ್ಪರ್ಧೆಗೆ ಅಂತ ಒಂದು ಹಳೇ ಜಿಪ್ಸಿಗೆ ಸ್ಪೀಡುಇನೋ ಇಸಿಯು (ಪೆಟ್ರೋಲ್, ಸ್ಪಾರ್ಕ್ ನೋಡಿಕೊಳ್ಳೋ ಕಂಪ್ಯೂಟರ್) ಹಾಕಿದ್ದೇವೆ. ವಿಇ ಟೇಬಲ್ ತುಂಬಿಸೋದು ಹೇಗೆ, ಆಟೋಟ್ಯೂನ್ ಆನ್ ಮಾಡಿ ಬಿಟ್ರೆ ಆಗ್ತದಾ? – ಮುಳ್ಳೇರಿಯ

ಉತ್ತರ: ಬಿಟ್ರೆ ಆಗೋದಿಲ್ಲ, ಮೊದ್ಲು ಕೈಯಲ್ಲಿ ಮಾಡಿ. ವಿಇ ಟೇಬಲ್ ಅಂದ್ರೆ ಎಷ್ಟು ಸ್ಪೀಡು, ಎಷ್ಟು ಲೋಡಲ್ಲಿ ಇಂಜಿನಿಗೆ ಎಷ್ಟು ಗಾಳಿ ತುಂಬ್ತದೆ ಅಂತ ಬರೆದ ಪಟ್ಟಿ, ಅದರ ಒಂದೊಂದು ಚೌಕವೇ ಸೆಲ್, ಅದನ್ನ ನೋಡಿ ಇಸಿಯು ಪೆಟ್ರೋಲ್ ಬಿಡ್ತದೆ. ಸೆನ್ಸರಿನ ನಂಬರ್ ನೋಡಿ ಆ ಪಟ್ಟಿಯನ್ನ ತಾನೇ ತಿದ್ದೋದು ಆಟೋಟ್ಯೂನ್. ಲೆಕ್ಕ ಸುಲಭ ಉಂಟು, ಈಗಿನ ವಿಇಯನ್ನ ಮೀಟರಲ್ಲಿ ಕಂಡ ನಂಬರಿಂದ ಗುಣಿಸಿ ಬೇಕಾದ ನಂಬರಿಂದ ಭಾಗಿಸೋದು. ಸೆಲ್ಲಲ್ಲಿ 60 ಉಂಟು, ನಿಮಗೆ 13.0 ಬೇಕು, 14.3 ಬರ್ತಾ ಉಂಟು ಅಂದ್ರೆ 60 ಗುಣಿಸು 14.3 ಭಾಗಿಸು 13.0, ಅಂದ್ರೆ 66. ಆದ್ರೆ ಈ ಲೆಕ್ಕ ನಿಲ್ಲೋದು ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರಿನ ಸೈಜ್ ಮತ್ತೆ ಡೆಡ್ ಟೈಮ್ ಸರಿ ಹಾಕಿದ್ರೆ ಮಾತ್ರ. ಇಂಜೆಕ್ಟರಿಗೆ ಕರೆಂಟ್ ಕೊಟ್ಟ ಕೂಡ್ಲೇ ಅದು ತೆರೆಯೋದಿಲ್ಲ, ಆ ತಡ ಬ್ಯಾಟರಿ ವೋಲ್ಟೇಜ್ ಇಳಿದ ಹಾಗೆ ಜಾಸ್ತಿ ಆಗ್ತದೆ. ಇದು ತಪ್ಪಿದ್ರೆ ಹೆಡ್‌ಲೈಟ್ ಹಾಕಿದ ಕೂಡ್ಲೇ ಐಡ್ಲಿಂಗ್ ಲೀನಾಗ್ತದೆ, ನೀವು ಅದನ್ನ ವಿಇಯಲ್ಲಿ ಸರಿ ಮಾಡ್ತೀರಿ, ಮರುದಿನ ಹಗಲು ಹೊತ್ತು ಅದೇ ಗಾಡಿ ರಿಚ್ ಓಡ್ತದೆ.

ಇನ್ನೊಂದು ದೊಡ್ಡ ತಪ್ಪು ಗ್ರೌಂಡು. ಸೆನ್ಸರಿನ ಕಂಟ್ರೋಲರ್ ಡಬ್ಬದ ಗ್ರೌಂಡ್ ಬಾಡಿಯಲ್ಲಿ ಒಂದು ಕಡೆ, ಇಸಿಯುದ್ದು ಇಂಜಿನಲ್ಲಿ ಇನ್ನೊಂದು ಕಡೆ ಕೊಟ್ರೆ ಫ್ಯಾನ್ ತಿರುಗುವಾಗ ಎರಡರ ಮಧ್ಯೆ ವೋಲ್ಟೇಜ್ ವ್ಯತ್ಯಾಸ ಬರ್ತದೆ. ಸೊನ್ನೆಯಿಂದ 5 ವೋಲ್ಟ್ ಅಂದ್ರೆ 10ರಿಂದ 20 ಅಂತ ಸೆಟ್ಟಿಂಗ್ ಇದ್ರೆ 0.3 ವೋಲ್ಟ್ ತಪ್ಪಿದ್ರೆ 0.6 ತಪ್ಪು ಓದ್ತದೆ, ನಿಜವಾಗಿ 13.2 ಇರೋದು ಲ್ಯಾಪ್‌ಟಾಪಲ್ಲಿ 12.6 ಅಂತ ಕಂಡು ನೀವು ಖುಷಿಯಲ್ಲಿ ಪೆಟ್ರೋಲ್ ಕಮ್ಮಿ ಮಾಡಿದ್ರೆ ಪಿಸ್ಟನ್ ಹೋಗ್ತದೆ. ಮೀಟರಿನ ಮುಖದಲ್ಲಿ ಬರೋ ನಂಬರೂ ಲ್ಯಾಪ್‌ಟಾಪಿನ ನಂಬರೂ ಒಂದೇ ಉಂಟಾ ಅಂತ ಫ್ಯಾನು, ಲೈಟು ಎಲ್ಲ ಹಾಕಿ ನೋಡಿ, ಒಂದೇ ಇಲ್ಲದಿದ್ರೆ ಟೇಬಲ್ ಮುಟ್ಟಬೇಡಿ.

ಇಂಜಿನ್ 80 ಡಿಗ್ರಿ ಬಿಸಿಯಾದ ಮೇಲೆಯೇ ಶುರು ಮಾಡಿ, ಎಕ್ಸಲರೇಷನ್ ಎನ್ರಿಚ್‌ಮೆಂಟ್ (ಎಕ್ಸಲರೇಟರ್ ತಿರುಗಿಸಿದ ಕೂಡ್ಲೇ ಕೊಡೋ ಹೆಚ್ಚಿನ ಪೆಟ್ರೋಲ್) ತಾತ್ಕಾಲಿಕ ಬಂದ್ ಮಾಡಿ, ಇಂಜಿನ್ ಒಂದೇ ಸೆಲ್ಲಲ್ಲಿ ಸ್ವಲ್ಪ ಹೊತ್ತು ಓಡ್ತಾ ಇದ್ದಾಗಿನ ನಂಬರ್ ಮಾತ್ರ ತಗೊಳ್ಳಿ. ಇಂಜೆಕ್ಟರ್ ಬಿಟ್ಟ ಪೆಟ್ರೋಲ್ ಉರಿದು ಪೈಪಲ್ಲಿ ಸಾಗಿ ಸೆನ್ಸರಿಗೆ ಮುಟ್ಟುವಾಗ ಕಮ್ಮಿ ಆರ್‌ಪಿಎಂಲ್ಲಿ ಕಾಲು ಸೆಕೆಂಡಿಗಿಂತ ಹೆಚ್ಚೇ ಆಗ್ತದೆ, ಅಷ್ಟರಲ್ಲಿ ಇಂಜಿನ್ ಬೇರೆ ಸೆಲ್ಲಿಗೆ ಹೋಗಿರ್ತದೆ, ಆಟೋಟ್ಯೂನ್ ಆ ಹಳೇ ನಂಬರನ್ನ ಹೊಸ ಸೆಲ್ಲಿಗೆ ಬರೀತದೆ. ಪೂರ್ತಿ ಲೋಡಿನ ಸೆಲ್ಲುಗಳನ್ನ ಬೇಕಾದ್ದಕ್ಕಿಂತ ರಿಚ್ ಇಟ್ಟು, ಇಗ್ನಿಷನ್ ಟೈಮಿಂಗ್ ಹಿಂದೆ ಇಟ್ಟು (ಸ್ಪಾರ್ಕ್ ಸ್ವಲ್ಪ ತಡ ಬರೋ ಹಾಗೆ) ಶುರು ಮಾಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಲೀನ್ ಮಾಡ್ತಾ ಬನ್ನಿ. ಕೈಯಲ್ಲಿ ಮಾಡಿ ಟೇಬಲ್ ಒಂದು ಆಕಾರಕ್ಕೆ ಬಂದ ಮೇಲೆ ಆಟೋಟ್ಯೂನಿಗೆ ಕೊಟ್ರೆ ಅದು ಚೆಂದ ಕೆಲಸ ಮಾಡ್ತದೆ.

ಪ್ರಶ್ನೆ: ಹೊಸ ಬಿಎಸ್6 ಬೈಕಿಗೆ ವೈಡ್‌ಬ್ಯಾಂಡ್ ಹಾಕಿ ಪಿಕಪ್ ಜಾಸ್ತಿ ಮಾಡ್ಬಹುದಾ? – ಹೊಸಂಗಡಿ

ಉತ್ತರ: ನನ್ನ ಅಭಿಪ್ರಾಯ ಕೇಳಿದ್ರೆ ಬೇಡ. 2020ರ ಏಪ್ರಿಲಿಂದ ಬಂದ ಬೈಕುಗಳಲ್ಲಿ ಇಸಿಯು ತಾನೇ ಓಟು (ಆಮ್ಲಜನಕದ) ಸೆನ್ಸರ್ ನೋಡಿ ಮಾಮೂಲಿ ಓಟದಲ್ಲಿ ಲ್ಯಾಂಬ್ಡಾ 1ರ ಹತ್ರ ಹಿಡಿದಿಡ್ತದೆ, ಹೊಗೆಯ ವಿಷ ಕಮ್ಮಿ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಿಗೆ ಬೇಕಾದ್ದೂ ಅದೇ. ನೀವು ಎಂತಾದ್ರೂ ಡಬ್ಬ ಹಾಕಿ ಪೆಟ್ರೋಲ್ ಜಾಸ್ತಿ ಮಾಡಿದ್ರೆ ಇಸಿಯು ನೋಡಿ ಕಮ್ಮಿ ಮಾಡ್ತದೆ. ಮತ್ತೆ ಕಂಪೆನಿ ಕೊಟ್ಟದ್ದನ್ನ ಬದಲಾಯಿಸಿದ್ರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಉಂಟು, ವಾರಂಟಿಯೂ ಹೋಗ್ತದೆ. ಗಾಡಿ ಏನಾದ್ರೂ ತೊಂದ್ರೆ ಕೊಡ್ತಾ ಇದ್ರೆ ಸ್ಕ್ಯಾನರ್ ಹಾಕಿ ಫ್ಯೂಯಲ್ ಟ್ರಿಮ್ (ಇಸಿಯು ತಾನಾಗಿ ಪೆಟ್ರೋಲನ್ನ ಎಷ್ಟು ಹೆಚ್ಚು ಕಮ್ಮಿ ಮಾಡ್ತಾ ಉಂಟು ಅಂತ) ನೋಡ್ಸಿ, ಲಾಂಗ್ ಟರ್ಮ್ ಟ್ರಿಮ್ ಹತ್ತು ಪರ್ಸೆಂಟ್ ಮೀರಿದ್ರೆ ಇಂಜೆಕ್ಟರೋ ಪಂಪೋ ಗಾಳಿ ಲೀಕೋ ಹುಡುಕೋದೇ ಸರಿಯಾದ ದಾರಿ.

ಪ್ರಶ್ನೆ: ಆರ್‌ಎಕ್ಸ್ 100ಗೂ, ತೋಟದಲ್ಲಿ ಮದ್ದು ಬಿಡೋ ಟೂ ಸ್ಟ್ರೋಕ್ ಪಂಪಿಗೂ ವೈಡ್‌ಬ್ಯಾಂಡ್ ಆಗ್ತದಾ? – ಪೆರ್ಲ

ಉತ್ತರ: ಎರಡಕ್ಕೂ ಬೇಡ. ಟೂ ಸ್ಟ್ರೋಕಲ್ಲಿ ಒಳಗೆ ಬಂದ ಹೊಸ ಗಾಳಿ ಪೆಟ್ರೋಲಲ್ಲಿ ಒಂದಷ್ಟು ಉರೀದೆ ಸೀದ ಎಕ್ಸಾಸ್ಟ್ ಪೋರ್ಟಲ್ಲಿ ಹೊರಗೆ ಹೋಗ್ತದೆ, ಆ ಆಮ್ಲಜನಕ ನೋಡಿ ಸೆನ್ಸರ್ ಲೀನ್ ಅಂತದೆ. ಆಯಿಲ್ ಬೇರೆ ಸೆನ್ಸರಿಗೆ ಹಿಡೀತದೆ. ಪೂರ್ತಿ ತಿರುಗಿಸಿ ಸ್ವಲ್ಪ ದೂರ ಓಡಿಸಿ ಕ್ಲಚ್ ಹಿಡಿದು ಅಲ್ಲೇ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ, ಬಿಳಿ ಪಿಂಗಾಣಿಯ ಬುಡದ ಬಣ್ಣ ಕಾಫಿ ಬಣ್ಣ ಇದ್ರೆ ಸಾಕು. ಪಂಪಿನ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು, ಅದರಲ್ಲಿ ಆಯಿಲ್ ಪೆಟ್ರೋಲಲ್ಲೇ ಮಿಕ್ಸ್, ಲೀನ್ ಮಾಡಿದ್ರೆ ಆಯಿಲೂ ಕಮ್ಮಿಯಾಗಿ ಕೊಳೆರೋಗಕ್ಕೆ ಮದ್ದು ಬಿಡೋ ಅರ್ಜೆಂಟಿನ ದಿನವೇ ಜಾಮ್ ಆಗ್ತದೆ.

ಪ್ರಶ್ನೆ: ಡೀಸೆಲ್ ಜೀಪು ಏರಲ್ಲಿ ಕಪ್ಪು ಹೊಗೆ ಬಿಡ್ತದೆ, ವೈಡ್‌ಬ್ಯಾಂಡ್ ಹಾಕಿ ಸೆಟ್ ಮಾಡ್ಬಹುದಾ? – ಉಪ್ಪಳ

ಉತ್ತರ: ಡೀಸೆಲ್ ಯಾವಾಗ್ಲೂ ಹೆಚ್ಚು ಗಾಳಿಯಲ್ಲೇ ಓಡೋದು, ಐಡ್ಲಿಂಗಲ್ಲಿ ಮೀಟರಿನ ಮುಳ್ಳು ಲೀನಿನ ಕೊನೆಗೆ ಹೋಗಿ ನಿಲ್ತದೆ. ನಿಮಗೆ ಮೀಟರ್ ಬೇಡ, ಏರ್ ಫಿಲ್ಟರ್ ಬದಲಾಯಿಸಿ, ನಾಝಲ್ ಟೆಸ್ಟ್ ಮಾಡ್ಸಿ, ಆಮೇಲೂ ಹೊಗೆ ಇದ್ರೆ ಪಂಪ್ ಕ್ಯಾಲಿಬ್ರೇಷನ್.

ಪ್ರಶ್ನೆ: ಒಂದೇ ವರ್ಷದಲ್ಲಿ ಮೂರು ಸೆನ್ಸರ್ ಹೋಯ್ತು, ಮೂರೂ ಮಳೆಗಾಲದಲ್ಲಿ. ಡೂಪ್ಲಿಕೇಟಾ? – ಕುಂಬಳೆ

ಉತ್ತರ: ಡೂಪ್ಲಿಕೇಟ್ ಇರ್ಬಹುದು, ಆದ್ರೆ ಮೂರೂ ಮಳೆಗಾಲದಲ್ಲಿ ಹೋಗಿದ್ದು ನೋಡಿದ್ರೆ ನನಗೆ ನೀರಿನ ಮೇಲೆ ಸಂಶಯ. ಆಟಿ ತಿಂಗಳ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ಸೈಲೆನ್ಸರ್ ಬಾಯಿಗೆ ಅಂಗೈ ಹಿಡೀರಿ, ಹನಿ ಹನಿ ನೀರು ಬೀಳ್ತದೆ. ಪೆಟ್ರೋಲ್ ಉರಿದಾಗ ಹುಟ್ಟಿದ ಹಬೆ ತಣ್ಣಗಿನ ಪೈಪಲ್ಲಿ ನೀರಾಗ್ತದೆ. ಸೆನ್ಸರಿನ ಒಳಗಿನ ಸೆರಾಮಿಕ್ಕನ್ನ ಹೀಟರ್ 750, 780 ಡಿಗ್ರಿಗೆ ಕಾಯಿಸ್ತದೆ, ಆ ಬಿಸಿಗೆ ಒಂದು ಹನಿ ಬಿದ್ರೆ ಬಿರುಕು ಬಿಡ್ತದೆ. ಕೀ ಹಾಕಿದ ಕೂಡ್ಲೇ ಹೀಟರ್ ಆನ್ ಆಗೋ ಹಾಗೆ ವೈರಿಂಗ್ ಮಾಡಿದ್ದೀರಾ ನೋಡಿ, ಇಂಜಿನ್ ಸ್ಟಾರ್ಟ್ ಆದ ಮೇಲೆಯೇ ಕರೆಂಟ್ ಹೋಗೋ ಹಾಗೆ ರಿಲೇ ಹಾಕಿ. ಸೆನ್ಸರ್ ಪೈಪಿನ ಮೇಲ್ಬದಿಯಲ್ಲಿರ್ಲಿ, ಗಡಿಯಾರದ ಹತ್ತು ಗಂಟೆಯಿಂದ ಎರಡು ಗಂಟೆಯ ಮಧ್ಯೆ, ಕೆಳಗೆ ಹಾಕಿದ್ರೆ ನೀರು ಅದರಲ್ಲೇ ನಿಲ್ತದೆ. ಕರೆಂಟ್ ಕೊಡದೆ ಸೆನ್ಸರನ್ನ ಪೈಪಲ್ಲಿ ಬಿಟ್ಟು ಓಡಿಸ್ಲೂ ಬೇಡಿ, ಮಸಿ ಹಿಡಿದು ಹೋಗ್ತದೆ, ಟ್ಯೂನಿಂಗ್ ಮುಗಿದ್ರೆ ಬಿಚ್ಚಿ ಬೋಲ್ಟ್ ಹಾಕಿ ಮುಚ್ಚಿ. ಇಂಜಿನಿಗೆ ಹಚ್ಚೋ ಸಿಲಿಕಾನ್ ಪೇಸ್ಟ್ ಸಹ ಸೆನ್ಸರಿಗೆ ವಿಷ, ಡಬ್ಬದ ಮೇಲೆ ಸೆನ್ಸರ್ ಸೇಫ್ ಅಂತ ಬರೆದದ್ದನ್ನೇ ತಗೊಳ್ಳಿ. ಹೊಸ ಸೆನ್ಸರ್ ತಂದ ಕೂಡ್ಲೇ ಹೊರಗಿನ ಗಾಳಿಯಲ್ಲಿ ಹಿಡಿದು ಕರೆಂಟ್ ಕೊಟ್ಟು ನೋಡಿ, ಮೀಟರ್ ಲೀನಿನ ಕೊನೆಯಲ್ಲಿ ನಿಲ್ಬೇಕು, ಅಲ್ಲೇ ಅಲ್ಲಾಡಿದ್ರೆ ಅಂಗಡಿಗೆ ವಾಪಸ್ ಕೊಡಿ.

ಪ್ರಶ್ನೆ: ಕಾರ್ಬೋರೇಟರ್ ಬೈಕಲ್ಲಿ ಮಡಿಕೇರಿಗೆ ಹೋಗುವಾಗ ಮೇಲೆ ಮೀಟರ್ ರಿಚ್ ತೋರಿಸ್ತದೆ, ಊರಲ್ಲಿ ಸರಿ ಇರ್ತದೆ. – ಬೋವಿಕ್ಕಾನ

ಉತ್ತರ: ನಿಮ್ಮ ಮೀಟರ್ ಸತ್ಯವೇ ಹೇಳ್ತಾ ಉಂಟು. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗಿಂತ ಮೇಲೆ, ಅಲ್ಲಿ ಗಾಳಿ ಹತ್ತು ಪರ್ಸೆಂಟಿನಷ್ಟು ತೆಳು, ಕಾರ್ಬೋರೇಟರ್ ಅಂದಾಜು ಐದು ಪರ್ಸೆಂಟ್ ರಿಚ್ ಆಗ್ತದೆ. ಊರಲ್ಲಿ 12.8 ಇದ್ದದ್ದು ಅಲ್ಲಿ 12.2 ಕಂಡ್ರೆ ಎಲ್ಲ ಸರಿ ಉಂಟು. ಎರಡು ದಿನದ ತಿರುಗಾಟಕ್ಕೆ ಜೆಟ್ ಬದಲಾಯಿಸ್ಬೇಡಿ. ಐಡ್ಲಿಂಗ್ ತೀರಾ ಕೆಟ್ರೆ ಏರ್ ಸ್ಕ್ರೂವನ್ನ ಕಾಲು ಸುತ್ತು ಮಾತ್ರ ಹೊರಗೆ ತಿರುಗಿಸಿ, ವಾಪಸ್ ಸಂಪಾಜೆಗೆ ಇಳಿದು ಚಾ ಕುಡೀಲಿಕ್ಕೆ ನಿಲ್ಲಿಸ್ತೀರಲ್ಲ, ಅಲ್ಲಿಯೇ ಮರೀದೆ ಕಾಲು ಸುತ್ತು ಒಳಗೆ ಹಾಕಿ.